ಮೊಲೋಕನೂ ಕಿಟಕಿಯ ಬೀಗದ ಕೈಯೂ

ಅಮೆರಿಕದ ಬೀಟ್ ಪೀಳಿಗೆಯ ಕಾವ್ಯವೆಂದೊಡನೆ ನಮ್ಮಲ್ಲಿ ಹಲವರಿಗೆ ನೆನಪಾಗುವುದು ಗಡ್ಡ, ಗಾಂಜಾ ಮತ್ತು ಕೋರ್ಟು ಕೇಸು. ಅಲೆನ್ ಗಿನ್ಸ್‌ಬರ್ಗ್ 1962-63ರಲ್ಲಿ ಕಲ್ಕತ್ತ, ಕಾಶಿಗಳಲ್ಲಿ ವಾಸ ಮಾಡಿ ಹೋದದ್ದೂ ಈ ಚಿತ್ರಕ್ಕೆ ಬಣ್ಣ ಸೇರಿಸಿದೆ. ಅವನ 'ಹೌಲ್' ಕವಿತೆಯನ್ನು ಸಾನ್ ಫ್ರಾನ್ಸಿಸ್ಕೋದ ಸಿಕ್ಸ್ ಗ್ಯಾಲರಿಯಲ್ಲಿ 1955ರಲ್ಲಿ ಓದಿದ್ದು, ಮರುವರ್ಷ ಅದು ಪುಸ್ತಕವಾದದ್ದು, 1957ರಲ್ಲಿ ಅಶ್ಲೀಲವಲ್ಲವೆಂದು ನ್ಯಾಯಾಲಯ ತೀರ್ಪಿತ್ತದ್ದು ಎಲ್ಲರೂ ಹೇಳುವ ಕಥೆ. ಆದರೆ 1961ರಲ್ಲಿ ಪ್ರಕಟವಾದ 'ಕ್ಯಾಡಿಶ್' ಅದಕ್ಕಿಂತ ದೊಡ್ಡ ಕವಿತೆ ಎಂಬುದು ನನ್ನ ಅಭಿಪ್ರಾಯ. ಎರಡರ ಪ್ರತೀಕಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ.

'ಹೌಲ್'ನ ಎರಡನೆಯ ಭಾಗವನ್ನು ಆಳುವವನು ಮೊಲೋಕ. ಯೆಹೂದ್ಯರ ಧರ್ಮಗ್ರಂಥದಲ್ಲಿ ಬರುವ ಈ ದೇವತೆಗೆ ತಂದೆತಾಯಿಗಳು ಹೆತ್ತ ಮಕ್ಕಳನ್ನೇ ಬೆಂಕಿಗೆ ಒಪ್ಪಿಸುತ್ತಿದ್ದರಂತೆ. ಗಿನ್ಸ್‌ಬರ್ಗ್ ಅವನನ್ನು ಮಹಾನಗರವನ್ನಾಗಿ ಮಾಡಿದ್ದಾನೆ. ಕಾರ್ಖಾನೆ, ಸೆರೆಮನೆ, ಯುದ್ಧ, ಹಣ ಎಲ್ಲವೂ ಮೊಲೋಕನೇ. ಅವನ ಆತ್ಮದೊಳಗೆ ವಿದ್ಯುತ್ತಿನ ಜೊತೆ ಬ್ಯಾಂಕುಗಳನ್ನೂ ಸೇರಿಸಲಾಗಿದೆ. ಬ್ಯಾಂಕಿನ ಗುಮಾಸ್ತನಾದ ನನಗೆ ಇದನ್ನೋದಿ ಸಿಟ್ಟು ಬರಲಿಲ್ಲ, ತುಸು ನಗು ಬಂತು. ಅಷ್ಟು ದೊಡ್ಡ ರಾಕ್ಷಸನಾಗುವ ಯೋಗ್ಯತೆ ನಮ್ಮ ಶಾಖೆಗಿಲ್ಲ! ತೊಂದರೆ ಇರುವುದು ಬೇರೆಡೆ. ಎಲ್ಲವನ್ನೂ ನುಂಗಬಲ್ಲ ಪ್ರತೀಕ ಯಾವುದನ್ನೂ ನಿರ್ದಿಷ್ಟವಾಗಿ ಹಿಡಿಯುವುದಿಲ್ಲ. ಮೊಲೋಕ ತನ್ನೊಳಗೂ ಹೊಕ್ಕಿದ್ದಾನೆಂದು ಕವಿ ಹೇಳುತ್ತಾನೆ, ನಿಜ. ಹೇಳುತ್ತಾನೆ ಅಷ್ಟೆ, ಅದು ನಮಗೆ ಕಾಣುವುದಿಲ್ಲ. ಓದುಗ ಸುಲಭವಾಗಿ ಬಲಿಯಾದವರ ಪಕ್ಷ ಸೇರಿ ನಿಶ್ಚಿಂತನಾಗಬಹುದು.

'ಕ್ಯಾಡಿಶ್' ಈ ನಿಶ್ಚಿಂತೆಯನ್ನು ಕೊಡುವುದಿಲ್ಲ. ಇದು ಕವಿಯ ತಾಯಿ ನವೋಮಿಯ ಕುರಿತಾದದ್ದು. ಬಾಲ್ಯದಲ್ಲೇ ರಷ್ಯಾದಿಂದ ಬಂದವಳು, ಕಮ್ಯುನಿಸ್ಟಳು, ಶತ್ರುಗಳು ತನ್ನನ್ನು ಕದ್ದು ಕೇಳುತ್ತಿದ್ದಾರೆಂಬ ಭಯದಲ್ಲಿ ಬುದ್ಧಿಯ ಸ್ತಿಮಿತ ಕಳೆದುಕೊಂಡವಳು. ಹನ್ನೆರಡು ವರ್ಷದ ಹುಡುಗ ಅವಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಅಪರಿಚಿತ ಊರಿನಲ್ಲಿ ಬಿಟ್ಟುಬರುವ ಭಾಗವನ್ನು ನಾನು ಒಂದೇ ಉಸಿರಿಗೆ ಓದಲಾರದೆ ಪುಸ್ತಕ ಮುಚ್ಚಿಟ್ಟದ್ದುಂಟು. ಮುಂದೆ 1947ರಲ್ಲಿ, ತಾಯಿಯ ಮಿದುಳಿನ ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೊಟ್ಟು ಸಹಿ ಹಾಕಿದವನು ಇಪ್ಪತ್ತೊಂದು ವರ್ಷದ ಇದೇ ಮಗ. ಸಹಿ ತಾಳೆ ನೋಡುವುದು ನನ್ನ ನಿತ್ಯದ ಕೆಲಸ. ಹಾಕಿದವರು ಏನನ್ನು ಒಪ್ಪಿ ಹಾಕಿದರೆಂಬುದು ಅಕ್ಷರದಿಂದ ತಿಳಿಯುವುದಿಲ್ಲ. ಈ ಸಂಗತಿ ಗೊತ್ತಿದ್ದು ಮತ್ತೆ 'ಹೌಲ್' ಓದಿದರೆ ಮೊಲೋಕನ ಕಥೆ ತಲೆಕೆಳಗಾಗುತ್ತದೆ. ಅಲ್ಲಿ ಹೆತ್ತವರು ಮಕ್ಕಳನ್ನು ಒಪ್ಪಿಸಿದರು, ಇಲ್ಲಿ ಮಗ ಹೆತ್ತವಳನ್ನು ಒಪ್ಪಿಸಿದ. ಆ ಅಬ್ಬರದ ಅಡಿಯಲ್ಲಿ ಈ ಸಂಕಟ ಇದ್ದಿರಬೇಕೆಂದು ನನಗನಿಸುತ್ತದೆ.

ನವೋಮಿ 1956ರ ಜೂನಿನಲ್ಲಿ ಆಸ್ಪತ್ರೆಯಲ್ಲೇ ತೀರಿಕೊಂಡಳು. ಸಾವಿನ ಸುದ್ದಿ ಬಂದ ಮೇಲೆ ಮಗನಿಗೆ ಅವಳ ಕಾಗದ ತಲುಪಿತು. ಬೀಗದ ಕೈ ಕಿಟಕಿಯ ಬಿಸಿಲಿನಲ್ಲಿದೆ, ಮದುವೆಯಾಗು, ಮಾದಕದ್ರವ್ಯದ ಗೊಡವೆ ಬೇಡ ಎಂದು ಬರೆದಿದ್ದಳು. ಭ್ರಮೆ ಎಲ್ಲಿ ಮುಗಿದು ತಾಯಿಯ ಬುದ್ಧಿಮಾತು ಎಲ್ಲಿ ಆರಂಭವಾಯಿತೆಂದು ಬಿಡಿಸಿ ಹೇಳಲಾಗದು. ಕೂಡಿಹಾಕಲ್ಪಟ್ಟವಳೇ ಹೊರಗಿರುವವನಿಗೆ ಬೀಗದ ಕೈ ತೋರಿಸುತ್ತಿದ್ದಾಳೆ. ಮೊಲೋಕನ ನೂರು ಹೆಸರುಗಳಿಗಿಂತ ಅಂಗೈಯಲ್ಲಿ ಹಿಡಿಯಬಹುದಾದ ಈ ಚಿಕ್ಕ ವಸ್ತುವೇ ಹೆಚ್ಚು ಬೆಳಕು ಕೊಡುತ್ತದೆ. ಕವಿತೆಯ ನಡುಭಾಗ ಬೇಕಾದ್ದಕ್ಕಿಂತ ಉದ್ದವಾಯಿತೆಂಬ ಆಕ್ಷೇಪ ನನಗೂ ಇದೆ.

ಕ್ಯಾಡಿಶ್ ಎಂದರೆ ಯೆಹೂದ್ಯರು ತೀರಿಕೊಂಡವರಿಗಾಗಿ ಹೇಳುವ ಪ್ರಾರ್ಥನೆ. ಅರಮಾಯಿಕ್ ಭಾಷೆಯ ಆ ಪ್ರಾರ್ಥನೆಯಲ್ಲಿ ಸಾವಿನ ಮಾತೇ ಇಲ್ಲ, ಇರುವುದು ದೇವರ ಸ್ತುತಿ. ಅದನ್ನು ಹೇಳಲು ಆ ಮತದ ಹತ್ತು ಮಂದಿ ಗಂಡಸರು ಕೂಡಬೇಕು. ನವೋಮಿಯ ಅಂತ್ಯಕ್ರಿಯೆಗೆ ಅಷ್ಟು ಜನ ಸೇರದೆ ಪ್ರಾರ್ಥನೆ ನಿಂತುಹೋಯಿತು. ನಿಂತದ್ದನ್ನು ಮಗ ತನ್ನ ಬರವಣಿಗೆಯ ಇಂಗ್ಲಿಷಿನಲ್ಲಿ, ಒಬ್ಬಂಟಿಯಾಗಿ, ರೇ ಚಾರ್ಲ್ಸ್‌ನ ಹಾಡಿನ ಲಯವನ್ನೂ ಬೆರೆಸಿ ಮುಂದುವರಿಸಿದ. ಮನೆಯ ಮಾತೊಂದು, ಕಚೇರಿಯ ಮಾತೊಂದು ಆಗಿರುವ ಗಡಿನಾಡಿನ ನಮಗೆ ಇದರ ಭಾರ ವಿವರಿಸಬೇಕಾಗಿಲ್ಲ.

ಕೊನೆಯ ಭಾಗದಲ್ಲಿ ಗೋರಿಗಳ ಮೇಲೆ ಕಾಗೆಗಳು ಕೂಗುತ್ತವೆ. ಪಿಂಡವಿಟ್ಟು ಕಾಗೆಗೆ ಕಾಯುವ, ಮಲಯಾಳದಲ್ಲಿ ಬಲಿಕಾಕ್ಕ ಎಂಬ ಹೆಸರನ್ನೂ ಕೇಳಿರುವ ನಮಗೆ ತಟ್ಟನೆ ಪಿತೃಗಳು ನೆನಪಾಗುತ್ತಾರೆ. ಆ ಅರ್ಥವನ್ನು ಅಲ್ಲಿಗೆ ಹೇರುವುದು ಸರಿಯಲ್ಲ. ಗಿನ್ಸ್‌ಬರ್ಗ್‌ನ ಕಾಗೆ ಯಾರ ತೃಪ್ತಿಯನ್ನೂ ತಿಳಿಸಲು ಬಂದದ್ದಲ್ಲ. ಅದರ ಕೂಗು ದೇವರನ್ನು ಕರೆಯುವ ದನಿಯಾಗುತ್ತದೆ, ಆ ಕರೆ ಮತ್ತೆ ಬರಿಯ ಕಾಗೆಯ ಕೂಗಾಗುತ್ತದೆ.