ರಥದಲ್ಲಿ ಇಬ್ಬರು ಓದುಗರು: ಸತ್ಯವೇದದ ವ್ಯಕ್ತಿಗತ ಅಧ್ಯಯನ ಮತ್ತು ಕೇಳುಗನ ಭಾಷೆ

ಕನ್ನಡದಲ್ಲಿ ಕ್ರೈಸ್ತ ಮಿಷನರಿಗಳನ್ನು ಕುರಿತ ವಿದ್ವತ್ ಚರ್ಚೆ ಬಹುಮಟ್ಟಿಗೆ ಮುದ್ರಿತ ಕೃತಿಗಳ ಸುತ್ತಲೇ ನಡೆದಿದೆ. 1843ರಲ್ಲಿ ಹೆರ್ಮನ್ ಮೋಗ್ಲಿಂಗ್ ಆರಂಭಿಸಿದ ‘ಮಂಗಳೂರು ಸಮಾಚಾರ’, 1894ರಲ್ಲಿ ಹೊರಬಂದ ಕಿಟ್ಟೆಲ್ ನಿಘಂಟು, ಹಳಗನ್ನಡ ಕಾವ್ಯಗಳ ಮೊದಲ ಮುದ್ರಣಗಳು ಈ ಚರ್ಚೆಯ ಪರಿಚಿತ ವಸ್ತುಗಳು. ಆದರೆ ಅವುಗಳನ್ನು ಸಿದ್ಧಪಡಿಸಿದವರ ದೃಷ್ಟಿಯಲ್ಲಿ ಅವು ಸಾಧನಗಳಾಗಿದ್ದವು. ಅವುಗಳ ಮೂಲಕ ಸಾಧ್ಯವಾಗಬೇಕಾಗಿದ್ದದ್ದು ಬೇರೊಂದು ಕ್ರಿಯೆ: ಒಬ್ಬನು ಇನ್ನೊಬ್ಬನ ಪಕ್ಕದಲ್ಲಿ ಕುಳಿತು, ಸತ್ಯವೇದದ ಒಂದು ಭಾಗವನ್ನು ತೆರೆದು, ಜೊತೆಯಲ್ಲಿ ಓದಿ, ಅದರ ಅರ್ಥವನ್ನು ಮಾತನಾಡಿಕೊಳ್ಳುವುದು. ವ್ಯಕ್ತಿಗತ ಸತ್ಯವೇದ ಅಧ್ಯಯನವೆಂದು ಕ್ರೈಸ್ತ ವಲಯದಲ್ಲಿ ಕರೆಯಲಾಗುವ ಈ ಪದ್ಧತಿ ನಮ್ಮ ವಿಮರ್ಶೆಯ ಗಮನವನ್ನು ಅಷ್ಟಾಗಿ ಸೆಳೆದಿಲ್ಲ. ಅದನ್ನು ಧರ್ಮಪ್ರಸಾರದ ಒಂದು ವಿಧಾನವೆಂದು ಬದಿಗಿಡುವುದು ಸುಲಭ. ಆದರೆ ಅದು ಓದಿನ ಒಂದು ವಿಧಾನವೂ ಹೌದು. ಓದು ಎಂದಮೇಲೆ ವಿಮರ್ಶೆಗೆ ಕೇಳಲು ಪ್ರಶ್ನೆಗಳಿವೆ: ಪಠ್ಯವನ್ನು ಆಯ್ದವರು ಯಾರು? ಪ್ರಶ್ನೆ ಯಾರದು? ಭಾಷೆ ಯಾರದು? ಓದು ಮುಗಿದ ಮೇಲೆ ಪುಸ್ತಕ ಯಾರ ಕೈಯಲ್ಲಿ ಉಳಿಯುತ್ತದೆ?

ಈ ಪದ್ಧತಿಯ ಮೂಲಮಾದರಿಯನ್ನು ಸತ್ಯವೇದವೇ ಒದಗಿಸುತ್ತದೆ. ‘ಅಪೊಸ್ತಲರ ಕೃತ್ಯಗಳು’ ಎಂಬ ಭಾಗದ ಎಂಟನೆಯ ಅಧ್ಯಾಯದ ಕೊನೆಯಲ್ಲಿ ಬರುವ ಕಥೆ ಪ್ರಸಿದ್ಧವಾದದ್ದು. ಇಥಿಯೋಪ್ಯದ ರಾಣಿ ಕಂದಾಕೆಯ ಬೊಕ್ಕಸದ ಮೇಲಧಿಕಾರಿಯೊಬ್ಬನು ಯೆರೂಸಲೇಮಿನಲ್ಲಿ ಆರಾಧನೆ ಮುಗಿಸಿ ಗಾಜದ ದಾರಿಯಲ್ಲಿ ಹಿಂದಿರುಗುತ್ತಿದ್ದಾನೆ. ರಥದಲ್ಲಿ ಕುಳಿತು ಪ್ರವಾದಿ ಯೆಶಾಯನ ಗ್ರಂಥವನ್ನು ಗಟ್ಟಿಯಾಗಿ ಓದುತ್ತಿದ್ದಾನೆ. ಫಿಲಿಪ್ಪನು ಓಡಿಬಂದು, ಓದುತ್ತಿರುವುದು ತಿಳಿಯುತ್ತಿದೆಯೇ ಎಂದು ವಿಚಾರಿಸುತ್ತಾನೆ. ದಾರಿ ತೋರಿಸುವವರಿಲ್ಲದೆ ಹೇಗೆ ತಿಳಿದೀತು ಎಂದು ಅಧಿಕಾರಿ ಅವನನ್ನು ರಥಕ್ಕೆ ಹತ್ತಿಸಿಕೊಳ್ಳುತ್ತಾನೆ. ಕುರಿಯಂತೆ ಮೌನವಾಗಿ ವಧೆಗೆ ಒಯ್ಯಲ್ಪಟ್ಟ ಸೇವಕನೊಬ್ಬನನ್ನು ಕುರಿತ ಆ ಭಾಗವನ್ನು ಓದಿ, ಪ್ರವಾದಿ ತನ್ನ ಬಗ್ಗೆ ಹೇಳುತ್ತಿದ್ದಾನೆಯೋ ಬೇರೊಬ್ಬನ ಬಗ್ಗೆಯೋ ಎಂದು ಕೇಳುತ್ತಾನೆ. ಫಿಲಿಪ್ಪನ ಬೋಧನೆ ಆರಂಭವಾಗುವುದು ಆ ಪ್ರಶ್ನೆಯಿಂದ.

ಕಥೆಯ ರಚನೆಯನ್ನು ಗಮನಿಸಿದರೆ ಹಲವು ಸಂಗತಿಗಳು ಎದ್ದು ಕಾಣುತ್ತವೆ. ಪುಸ್ತಕ ಕೇಳುಗನದು, ಫಿಲಿಪ್ಪನು ತಂದದ್ದಲ್ಲ. ಭಾಗವನ್ನು ಆಯ್ದವನೂ ಕೇಳುಗನೇ. ರಥವೂ ಅವನದೇ, ಹತ್ತಲು ಕರೆದವನೂ ಅವನೇ. ಅಷ್ಟೇ ಅಲ್ಲ, ಅವನು ಕೇಳಿದ ಪ್ರಶ್ನೆ ಇಂದಿಗೂ ಯೆಶಾಯನ ಗ್ರಂಥದ ವಿದ್ವಾಂಸರನ್ನು ಕಾಡುತ್ತಿರುವ ಪ್ರಶ್ನೆ: ಆ ಸೇವಕ ಯಾರು? ಅದು ಅಜ್ಞಾನಿಯ ಪ್ರಶ್ನೆಯಲ್ಲ, ಒಳ್ಳೆಯ ಓದುಗನ ಪ್ರಶ್ನೆ. ಮೂಲ ಗ್ರೀಕಿನಲ್ಲಿ ಫಿಲಿಪ್ಪನ ಮಾತು ಒಂದು ಪದಚಮತ್ಕಾರವನ್ನು ಆಧರಿಸಿದೆ. ‘ಗಿನೋಸ್ಕೋ’ ಎಂದರೆ ತಿಳಿಯುವುದು, ‘ಅನಗಿನೋಸ್ಕೋ’ ಎಂದರೆ ಓದುವುದು. ಓದಿನ ಕ್ರಿಯಾಪದದೊಳಗೇ ಅರಿವಿನ ಕ್ರಿಯಾಪದ ಅಡಗಿದೆ. ಈ ಚಮತ್ಕಾರ ಕನ್ನಡಕ್ಕೆ ಬರುವುದಿಲ್ಲ. ಆದರೆ ಕನ್ನಡದ ‘ಓದು’ ಬೇರೊಂದನ್ನು ಉಳಿಸಿಕೊಡುತ್ತದೆ. ತಮಿಳಿನಲ್ಲಿ ‘ಪಡಿ’ ಓದುವುದಾದರೆ, ಅದೇ ಮೂಲದ ‘ಓದು’ ಪಠಿಸುವುದಕ್ಕೆ ಮೀಸಲಾಗಿದೆ. ದೇವಾಲಯಗಳಲ್ಲಿ ತೇವಾರಂ ಹಾಡುವವರು ‘ಓದುವಾರ್’. ಕನ್ನಡದಲ್ಲಿ ಒಂದೇ ಪದ ಪಠನ, ವಾಚನ, ವ್ಯಾಸಂಗ ಮೂರನ್ನೂ ಹೊತ್ತಿದೆ. ಗಟ್ಟಿಯಾಗಿ ಓದಿದ್ದರಿಂದಲೇ ದಾರಿಹೋಕನ ಕಿವಿಗೆ ಬಿದ್ದು ಆರಂಭವಾದ ಈ ಕಥೆಗೆ ಅದಕ್ಕಿಂತ ಒಪ್ಪುವ ಪದ ಸಿಗುವುದು ಕಷ್ಟ.

ಇನ್ನೊಂದು ಪದದಲ್ಲಿ ಕನ್ನಡ ಅನುವಾದ ಅಷ್ಟು ಸುಖಿಯಲ್ಲ. ಅಧಿಕಾರಿಯನ್ನು ಕನ್ನಡ ಸತ್ಯವೇದ ‘ಕಂಚುಕಿ’ ಎಂದು ಕರೆಯುತ್ತದೆ. ಸಂಸ್ಕೃತ ನಾಟಕಗಳ ಪರಿಚಯವಿರುವವರಿಗೆ ಅದು ಅಂತಃಪುರದ ವೃದ್ಧ ಪರಿಚಾರಕನ ಪಾತ್ರ. ಮೂಲದ ಗ್ರೀಕ್ ಪದಕ್ಕೆ ನಪುಂಸಕನೆಂಬ ಅರ್ಥವಿದೆ, ಆ ಅರ್ಥವೇ ಕಥೆಯ ಒಳಸುಳಿ. ಧರ್ಮೋಪದೇಶಕಾಂಡದ ಇಪ್ಪತ್ತಮೂರನೆಯ ಅಧ್ಯಾಯ ಅಂಥವನನ್ನು ದೇವರ ಸಭೆಯಿಂದ ಹೊರಗಿಡುತ್ತದೆ. ಆತ ಓದುತ್ತಿದ್ದ ಯೆಶಾಯನ ಐವತ್ತಮೂರನೆಯ ಅಧ್ಯಾಯದಿಂದ ಮೂರೇ ಅಧ್ಯಾಯ ಮುಂದೆ, ನಪುಂಸಕನಿಗೂ ಪರದೇಶಿಗೂ ದೇವರ ಮನೆಯಲ್ಲಿ ಸ್ಥಾನವಿದೆ ಎಂಬ ವಾಗ್ದಾನವಿದೆ. ನೀರು ಕಂಡಾಗ ದೀಕ್ಷಾಸ್ನಾನಕ್ಕೆ ಅಡ್ಡಿಯೇನು ಎಂದು ಅವನು ಕೇಳುವುದರ ಹಿಂದೆ ಈ ಹೊರಗಿಡುವಿಕೆಯ ನೆನಪಿದೆ. ‘ಕಂಚುಕಿ’ ಎಂದು ಓದಿದ ಕನ್ನಡಿಗನಿಗೆ ಆ ಪ್ರಶ್ನೆ ಬರಿಯ ಔಪಚಾರಿಕ ವಿಚಾರಣೆಯಾಗಿ ಕೇಳಿಸುತ್ತದೆ. ಪಕ್ಕದಲ್ಲಿ ಕುಳಿತವನ ಅಗತ್ಯ ಬೀಳುವುದು ಇಂಥ ಕಡೆ. ಅನುವಾದ ಮುಚ್ಚಿದ್ದನ್ನು ತೆರೆಯಬಲ್ಲವನು ಅವನು. ತಾನೂ ಅರಿಯದಿದ್ದರೆ ಇನ್ನಷ್ಟು ಮುಚ್ಚಬಲ್ಲವನೂ ಅವನೇ.

ಈ ಅಡ್ಡಿಯ ಪ್ರಶ್ನೆಗೆ ಪ್ರಾಚೀನ ಹಸ್ತಪ್ರತಿಗಳಲ್ಲಿ ಫಿಲಿಪ್ಪನ ಉತ್ತರವಿಲ್ಲ. ಇಬ್ಬರೂ ನೇರವಾಗಿ ನೀರಿಗೆ ಇಳಿಯುತ್ತಾರೆ. ಮನಃಪೂರ್ವಕವಾಗಿ ನಂಬಿದರೆ ಆಗಬಹುದು ಎಂಬ ಷರತ್ತೂ ಅದಕ್ಕೆ ಅಧಿಕಾರಿಯ ವಿಶ್ವಾಸಪ್ರಮಾಣವೂ ಇರುವ ಮೂವತ್ತೇಳನೆಯ ವಚನ ನಂತರದ ಸೇರ್ಪಡೆಯೆಂದು ಗ್ರಂಥಸಂಪಾದಕರು ಬಹುಮಟ್ಟಿಗೆ ಒಪ್ಪಿದ್ದಾರೆ. ಎರಡನೆಯ ಶತಮಾನದ ಐರೆನೇಯಸನಿಗೇ ಅದು ಪರಿಚಿತವಾಗಿತ್ತು ಎಂಬುದು ಈ ಸೇರ್ಪಡೆ ಎಷ್ಟು ಬೇಗ ನಡೆಯಿತೆಂಬುದನ್ನು ತೋರಿಸುತ್ತದೆ. ಕೇಳುಗನೇ ಪ್ರಶ್ನಿಸಿ ಕೇಳುಗನೇ ನಿರ್ಧರಿಸುವ ಕಥೆ ಸಭೆಗೆ ಇರುಸುಮುರುಸು ತಂದಿರಬೇಕು. ಅಲ್ಲಿ ಒಂದು ಪರೀಕ್ಷೆ, ಒಂದು ಸರಿಯುತ್ತರ ಬೇಕಾಯಿತು. ಮುಂದೆ ಪ್ರಶ್ನೋತ್ತರ ಪುಸ್ತಿಕೆಗಳ ರೂಪದಲ್ಲಿ ಮಿಷನ್ ಶಾಲೆಗಳಲ್ಲಿ ನೆಲೆಸಿದ ಸಾಹಿತ್ಯಪ್ರಕಾರಕ್ಕೂ ಇದೇ ಸ್ವಭಾವ. ಅದರಲ್ಲಿ ಉತ್ತರದ ಜೊತೆಗೆ ಪ್ರಶ್ನೆಯೂ ಬೋಧಕನದೇ. ವ್ಯಕ್ತಿಗತ ಅಧ್ಯಯನವು ಈ ಎರಡು ಮಾದರಿಗಳ ನಡುವೆ ತೂಗಾಡುತ್ತಲೇ ಬಂದಿದೆ: ಒಂದು ರಥದ ಮಾದರಿ, ಇನ್ನೊಂದು ಪ್ರಶ್ನೋತ್ತರದ ಮಾದರಿ.

ಕನ್ನಡದ ಗಡಿಯಲ್ಲಿ ಈ ತೂಗಾಟವನ್ನು ಪರಿಶೀಲಿಸಲು ನೀಲಗಿರಿಗಿಂತ ತಕ್ಕ ಸ್ಥಳ ಕಡಿಮೆ. ಬಾಸೆಲ್ ಮಿಷನ್ 1846ರಲ್ಲಿ ಕೇತಿಯಲ್ಲಿ ನೆಲೆಯೂರಿತು. ಅದಕ್ಕೆ ಆಶ್ರಯ ನೀಡಿದ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ತನ್ನ ಆಸ್ತಿಯನ್ನೂ ಮಿಷನ್ನಿಗೆ ಬಿಟ್ಟುಹೋದನು. ಕನ್ನಡದಲ್ಲಿ ಸಮಗ್ರ ಸತ್ಯವೇದ ಆ ವೇಳೆಗಾಗಲೇ ಲಭ್ಯವಿತ್ತು; ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು ಬಳ್ಳಾರಿಯಲ್ಲಿ ಸಿದ್ಧಪಡಿಸಿದ ಅನುವಾದ 1831ರಲ್ಲಿ ಪೂರ್ಣಗೊಂಡಿತ್ತು. ಅದರ ಪರಿಷ್ಕರಣೆಯಲ್ಲಿ ತೊಡಗಿದ್ದ ಗಾಟ್‌ಫ್ರೀಡ್ ವೈಗ್ಲೆ ಕೆಲಕಾಲ ನೀಲಗಿರಿಯಲ್ಲಿಯೇ ಇದ್ದನು. ಬಡಗರ ಮಾತು ಕನ್ನಡಕ್ಕೆ ಹತ್ತಿರವಾದ್ದರಿಂದ ಕನ್ನಡ ಪುಸ್ತಕವೇ ಸಾಕೆಂಬ ಎಣಿಕೆ ಸಹಜವಾಗಿತ್ತು. ಜೆ. ಎಫ್. ಮೆಟ್ಸ್ ಹಟ್ಟಿಯಿಂದ ಹಟ್ಟಿಗೆ ನಡೆದು ಹಲವು ದಶಕಗಳನ್ನು ಕಳೆದನು. ಆದರೂ ಮೊದಲ ಬಡಗನ ದೀಕ್ಷಾಸ್ನಾನಕ್ಕೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಈ ವಿಳಂಬಕ್ಕೆ ಹಟ್ಟಿಯ ಸಾಮಾಜಿಕ ಕಟ್ಟು ಮುಖ್ಯ ಕಾರಣವೆಂಬುದರಲ್ಲಿ ಸಂದೇಹವಿಲ್ಲ. ಹಾಗಿದ್ದರೂ, ‘ಹತ್ತಿರದ ಭಾಷೆ’ ಮತ್ತು ‘ತನ್ನ ಭಾಷೆ’ ಒಂದೇ ಅಲ್ಲ. ಹತ್ತಿರದ ಭಾಷೆಯಲ್ಲಿ ಕೇಳಿ ಅರ್ಥಮಾಡಿಕೊಳ್ಳಬಹುದು. ಪಠ್ಯಕ್ಕೆ ಎದುರು ಪ್ರಶ್ನೆ ಹಾಕುವ ಸಲಿಗೆ ಸಾಮಾನ್ಯವಾಗಿ ಹುಟ್ಟುವುದು ತನ್ನ ಭಾಷೆಯಲ್ಲಿ.

ಈ ವ್ಯತ್ಯಾಸ ಮಿಷನ್ನಿನ ಅರಿವಿಗೂ ಬಂದಿತ್ತೆಂಬುದಕ್ಕೆ 1890ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಕನ್ನಡ ಲಿಪಿಯಲ್ಲಿ ಹೊರಬಂದ ಬಡಗ ಪುಸ್ತಕ ಸಾಕ್ಷಿ. ಅದರ ಹೆಸರು ‘ಅಂಗ ಕರ್ತಾಗಿಬ್ಬ ಯೇಸು ಕ್ರಿಸ್ತನ ಒಳ್ಳೆಯ ಸುದ್ದಿಯ ಪುಸ್ತಕ’. ಹೆಸರೊಂದೇ ವಿಮರ್ಶೆಗೆ ಸಾಕಷ್ಟು ವಸ್ತು. ‘ಅಂಗ’, ‘ಆಗಿಬ್ಬ’ ಎಂಬ ರೂಪಗಳು ಬಡಗರ ಬಾಯಿಮಾತು. ‘ಕರ್ತ’ ಮಾತ್ರ ಕನ್ನಡ ಸತ್ಯವೇದದಿಂದ ಹಾಗೆಯೇ ಇಳಿದುಬಂದಿದೆ. ಎಲ್ಲಕ್ಕಿಂತ ಮುಖ್ಯವಾದದ್ದು ‘ಸುವಾರ್ತೆ’ಯ ಜಾಗದಲ್ಲಿ ಬಂದ ‘ಒಳ್ಳೆಯ ಸುದ್ದಿ’. ಕನ್ನಡ ಬಳಕೆಯಲ್ಲಿ ಸುವಾರ್ತೆಯನ್ನು ‘ಸಾರುತ್ತಾರೆ’, ಸುದ್ದಿಯನ್ನು ‘ಹೇಳುತ್ತಾರೆ’. ಸಾರುವವನು ಎತ್ತರದಲ್ಲಿ ನಿಂತವನು. ಸುದ್ದಿ ಹೇಳುವವನು ಸಂತೆಯಿಂದ ಮರಳಿದ ನೆರೆಯವನು. ಸುದ್ದಿಯನ್ನು ಕೇಳಿದವನಿಗೆ ನಿಜವೇ, ಯಾರು ಹೇಳಿದರು, ಆಮೇಲೇನಾಯಿತು ಎಂದು ವಿಚಾರಿಸುವ ಹಕ್ಕಿದೆ. ಪ್ರಭುತ್ವದ ಪದ ಗ್ರಂಥಭಾಷೆಯಲ್ಲಿ, ಸಂದೇಶದ ಪದ ಮನೆಮಾತಿನಲ್ಲಿ: ಈ ಹೆಸರು ಎರಡು ಮಾದರಿಗಳ ನಡುವೆ ಅರ್ಧದಾರಿಯಲ್ಲಿ ನಿಂತಿದೆ.

ಆದರೆ ಆ ಪುಸ್ತಕವನ್ನು ಕೈಗೆತ್ತಿಕೊಂಡ ಬಡಗನು ಏನು ಕೇಳಿದನು? ಮಿಷನ್ ವರದಿಗಳು ಬೋಧಕನ ಕೈಬರಹದವು. ಕೇಳುಗನ ಮಾತು ಅವುಗಳಲ್ಲಿ ಬರುವುದು ಬೋಧಕನು ಅನುವಾದಿಸಿಕೊಂಡ ರೂಪದಲ್ಲಿ. ಕೇಳುಗರ ಪಕ್ಷದಿಂದಲೇ ದಾಖಲೆ ಉಳಿದಿರುವ ಒಂದು ಉದಾಹರಣೆಯನ್ನು ಪಕ್ಕದಲ್ಲಿಟ್ಟು ನೋಡುವುದು ಇಲ್ಲಿ ಉಪಯುಕ್ತ. ಕಾರ್ಕಳದ ಕಡೆಯ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಮರಾಠಿ ಮನೆಮಾತಿನ ಕುಟುಂಬದಲ್ಲಿ ಜನಿಸಿದ ಪಂಡಿತಾ ರಮಾಬಾಯಿಯವರು ಸತ್ಯವೇದವನ್ನು ಸಮೀಪಿಸಿದ ಬಗೆ ರಥದ ಕಥೆಯನ್ನೇ ನೆನಪಿಸುತ್ತದೆ. ಮೊದಲು ಅವರಿಗೆ ಸಿಕ್ಕಿದ್ದು ಬಂಗಾಳಿಯ ಲೂಕನ ಸುವಾರ್ತೆ. ಸಿಲ್ಚಾರಿನ ಮನೆಯ ಪುಸ್ತಕಗಳ ನಡುವೆ ಅದನ್ನು ಕಂಡು ತಾವಾಗಿಯೇ ಓದಿದರು. ಪತಿಯ ಮರಣಾನಂತರ ಪುಣೆಯಲ್ಲಿ ಮಿಷನರಿ ಮಹಿಳೆಯೊಬ್ಬರೊಂದಿಗೆ ಮರಾಠಿಯ ಹೊಸ ಒಡಂಬಡಿಕೆಯನ್ನು ಓದಿದರು. 1883ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ದೀಕ್ಷಾಸ್ನಾನವಾಯಿತು. ಬೋಧಕರು ಬಯಸಿದ ಕಥೆ ಅಲ್ಲಿಗೆ ಮುಗಿಯಬೇಕಾಗಿತ್ತು, ಮುಗಿಯಲಿಲ್ಲ. ಸಿಸ್ಟರ್ ಜೆರಾಲ್ಡೀನ್ ಮತ್ತು ಡೊರೊಥಿಯಾ ಬೀಲ್ ಅವರೊಂದಿಗಿನ ಪತ್ರಗಳಲ್ಲಿ ತ್ರಯೇಕತ್ವದ ಬಗ್ಗೆ, ಸಭೆಯ ಅಧಿಕಾರದ ಬಗ್ಗೆ, ತಮ್ಮ ಅಂತಃಸಾಕ್ಷಿಯ ಸ್ವಾತಂತ್ರ್ಯದ ಬಗ್ಗೆ ರಮಾಬಾಯಿ ವಾದಿಸುತ್ತಲೇ ಹೋದರು. ಗುರುಸ್ಥಾನದಲ್ಲಿದ್ದವರಲ್ಲಿ ಒಬ್ಬರು ಇದನ್ನು ಅಹಂಕಾರವೆಂದು ಬಗೆದರೆ, ಇನ್ನೊಬ್ಬರು ಉತ್ತರಕ್ಕೆ ಅರ್ಹವಾದ ಪ್ರಶ್ನೆಗಳೆಂದು ಪರಿಗಣಿಸಿದರು. ಜೊತೆಯೋದಿನ ಎರಡು ಮಾದರಿಗಳೂ ಹೀಗೆ ಒಂದೇ ಪತ್ರಸಂಪುಟದಲ್ಲಿ ಎದುರುಬದುರಾಗಿ ನಿಂತಿವೆ.

ಪ್ರಶ್ನಿಸಿದ್ದರಿಂದ ರಮಾಬಾಯಿಯವರ ನಂಬಿಕೆ ಕರಗಲಿಲ್ಲ ಎಂಬುದು ಬೋಧಕರೂ ಟೀಕಾಕಾರರೂ ಸಮಾನವಾಗಿ ಗಮನಿಸಬೇಕಾದ ಅಂಶ. ದೀಕ್ಷಾಸ್ನಾನವಾಗಿ ಎಂಟು ವರ್ಷಗಳ ಮೇಲೆ, ತಮಗೆ ಕ್ರೈಸ್ತಧರ್ಮ ದೊರಕಿತ್ತೇ ಹೊರತು ಕ್ರಿಸ್ತನು ದೊರಕಿರಲಿಲ್ಲವೆಂಬ ಅರಿವು ಮೂಡಿತೆಂದು ಅವರ 1907ರ ಆತ್ಮನಿವೇದನೆ ಹೇಳುತ್ತದೆ. ಕೊನೆಯ ವರ್ಷಗಳಲ್ಲಿ ಹೀಬ್ರೂ, ಗ್ರೀಕ್ ಕಲಿತು ಇಡೀ ಸತ್ಯವೇದವನ್ನು ಮರಾಠಿಗೆ ತಂದರು. ಅಂದಿನ ಮರಾಠಿ ಅನುವಾದದ ಸಂಸ್ಕೃತಮಯ ಭಾಷೆ ಸಾಮಾನ್ಯ ಹೆಂಗಸರಿಗೆ ನಿಲುಕದು ಎಂಬುದೇ ಆ ಕೆಲಸದ ಪ್ರೇರಣೆ. 1922ರಲ್ಲಿ ನಿಧನರಾಗುವ ಹೊತ್ತಿಗೆ ಕೆಲಸ ಮುಗಿದಿತ್ತು. ಕೇಡ್‌ಗಾಂವದ ಮುಕ್ತಿ ಸಂಸ್ಥೆಯಿಂದ ಅದು 1924ರಲ್ಲಿ ಪ್ರಕಟವಾಯಿತು. ಸಂಸ್ಕೃತ ಪಾಂಡಿತ್ಯಕ್ಕಾಗಿ ‘ಸರಸ್ವತಿ’ ಬಿರುದು ಪಡೆದವರು ತಮ್ಮ ಭಾಷೆಯಿಂದ ಸಂಸ್ಕೃತವನ್ನು ಇಳಿಸಿದರು. ನೀಲಗಿರಿಯ ಪುಸ್ತಕದ ‘ಒಳ್ಳೆಯ ಸುದ್ದಿ’ಯ ಹಿಂದೆ ಇದ್ದ ತಿಳಿವಳಿಕೆಯೇ ಇಲ್ಲಿಯೂ ಇದೆ. ವ್ಯತ್ಯಾಸವಿಷ್ಟೆ: ಅಲ್ಲಿ ಭಾಷೆಯನ್ನು ಬದಲಿಸಿದ್ದು ಬೋಧಕರ ಸಂಸ್ಥೆ, ಇಲ್ಲಿ ಒಂದು ಕಾಲದ ಕೇಳುಗರು.

ಇಂಥ ಓದಿಗೆ ಆಕ್ಷೇಪಗಳಿಲ್ಲದಿಲ್ಲ. ಪಕ್ಕದಲ್ಲಿ ಕುಳಿತವನಿಗೆ ಒಂದು ಉದ್ದೇಶವಿದೆ, ಅವನು ತಟಸ್ಥನಲ್ಲ. ಕೇತಿಯ ಮಿಷನರಿಯ ಬೆನ್ನಿಗೆ ಶಾಲೆ, ಆಸ್ತಿ, ಆಳುವವರ ಸಾಮೀಪ್ಯ ಇದ್ದವು. ಹಟ್ಟಿಯವನ ಬಳಿ ರಥವಿರಲಿಲ್ಲ. ಅಧಿಕಾರದ ಈ ಅಂತರವನ್ನು ಮರೆಸಿ ಜೊತೆಯೋದನ್ನು ಸ್ನೇಹದ ಮಾತುಕತೆಯೆಂದಷ್ಟೇ ವರ್ಣಿಸುವುದು ಅಪ್ರಾಮಾಣಿಕವಾದೀತು. ಹಾಗೆಂದು ಪ್ರತಿ ಜೊತೆಯೋದನ್ನೂ ಮರುಳುಮಾಡುವ ಉಪಾಯವೆನ್ನುವುದು ಕೇಳುಗನ ಬುದ್ಧಿಯನ್ನೇ ಅಲ್ಲಗಳೆದಂತೆ. ರಮಾಬಾಯಿಯವರ ಪತ್ರಗಳನ್ನು ಓದಿದವರು ಹಾಗೆ ಹೇಳಲಾರರು.

ಹಾಗಾದರೆ ಒಂದನ್ನು ಇನ್ನೊಂದರಿಂದ ಬೇರ್ಪಡಿಸುವ ಗುರುತು ಯಾವುದು? ಅಪೊಸ್ತಲರ ಕೃತ್ಯಗಳ ಕಥೆ ಅದನ್ನು ತನ್ನ ಕೊನೆಯಲ್ಲಿ ಇಟ್ಟಿದೆ. ನೀರಿನಿಂದ ಮೇಲೆ ಬರುತ್ತಲೇ ಫಿಲಿಪ್ಪನು ಕಾಣೆಯಾಗುತ್ತಾನೆ. ಅಧಿಕಾರಿ ಸಂತೋಷದಿಂದ ತನ್ನ ದಾರಿ ಹಿಡಿಯುತ್ತಾನೆ, ಯೆಶಾಯನ ಸುರುಳಿ ಅವನ ಬಳಿಯೇ ಇರುತ್ತದೆ. ಮುಂದಿನ ಮೂರು ಅಧ್ಯಾಯಗಳನ್ನು, ತನ್ನಂಥವನಿಗೆಂದೇ ಇರುವ ವಾಗ್ದಾನವನ್ನು, ಅವನು ಒಬ್ಬನೇ ಓದಿಕೊಳ್ಳಬಲ್ಲನು. ದಾರಿ ತೋರಿಸಿದವನ ಕೆಲಸ ಪೂರ್ಣವಾಗುವುದು ಅವನಿಲ್ಲದೆ ಓದು ಮುಂದುವರಿದಾಗ.

ಈ ಅಳತೆಯಿಂದ ನೋಡಿದರೆ ನೀಲಗಿರಿಯ ಕಥೆ ಇನ್ನೂ ಮುಗಿದಿಲ್ಲ. ಅಲ್ಲಿನ ಶಾಲೆಗಳಲ್ಲಿ ಇಂದು ತಮಿಳೂ ಇಂಗ್ಲಿಷೂ ಕಲಿಯುವ ಮಕ್ಕಳಿಗೆ ಕನ್ನಡ ಲಿಪಿಯ 1890ರ ಪುಸ್ತಕ ಕಿವಿಗೆ ತನ್ನದು, ಕಣ್ಣಿಗೆ ಪರಕೀಯ. ಗಟ್ಟಿಯಾಗಿ ಓದುವವರೊಬ್ಬರು ಪಕ್ಕದಲ್ಲಿದ್ದರೆ ತಿಳಿಯುತ್ತದೆ. ಇಲ್ಲವಾದರೆ ಪುಸ್ತಕ ಮುಚ್ಚಿದಂತೆಯೇ. ಗಡಿನಾಡಿನ ಭಾಷಾ ಅಧ್ಯಯನಗಳು ಲಿಪಿಯ ಪ್ರಶ್ನೆಯನ್ನು ಅಸ್ಮಿತೆಯ ಪ್ರಶ್ನೆಯಾಗಿ ಚರ್ಚಿಸುವುದೇ ಹೆಚ್ಚು. ಮಾರ್ಗದರ್ಶಕನನ್ನು ಬೀಳ್ಕೊಟ್ಟ ಮೇಲೆ ಓದುಗನು ತನ್ನ ಪುಸ್ತಕವನ್ನು ತಾನೇ ತೆರೆಯಬಲ್ಲನೇ ಎಂಬ ಪ್ರಶ್ನೆಯೂ ಅದರೊಳಗಿದೆ.