ಸ್ಪರ್ಶಫಲಕ: ಹಿಂದಿನ ಸಾಲಿಗೆ ಕಾಣುವುದೆಷ್ಟು?

ಸಭಾಂಗಣದ ಗೋಡೆಯಲ್ಲಿ ಹಿಂದೆ ಕರಿಹಲಗೆ ಇರುತ್ತಿತ್ತು. ಬಳಿಕ ಬಿಳಿಹಲಗೆ, ಅದರ ಪಕ್ಕದಲ್ಲಿ ಪ್ರೊಜೆಕ್ಟರಿನ ಪರದೆ ಬಂದವು. ಈಗ ಈ ಮೂರರ ಕೆಲಸವನ್ನೂ ತಾನೊಂದೇ ಮಾಡುತ್ತೇನೆಂದು ದೊಡ್ಡ ಸ್ಪರ್ಶಫಲಕ ಬಂದು ನಿಂತಿದೆ. ಅದರ ಮೇಲೆ ಬರೆಯಬಹುದು, ಅಳಿಸಬಹುದು, ಬರೆದುದನ್ನು ಉಳಿಸಿಡಬಹುದು. ಕ್ಯಾಮೆರಾ ಮತ್ತು ಮೈಕ್ರೊಫೋನುಗಳ ನೆರವಿನಿಂದ ದೂರದವರೊಡನೆ ಸಭೆ ನಡೆಸಬಹುದು. ಪರ್ಕಳ, ಮಣಿಪಾಲದ ಆಸುಪಾಸಿನಲ್ಲಿ ಕಾಲೇಜು, ಆಸ್ಪತ್ರೆ, ಬ್ಯಾಂಕು, ಜಿಲ್ಲಾಡಳಿತದ ರಜತಾದ್ರಿ ಎಲ್ಲವೂ ಕೆಲವೇ ಕಿಲೋಮೀಟರುಗಳೊಳಗಿವೆ. ಮಾರುವವರಿಗೆ ಗಿರಾಕಿಗಳ ಕೊರತೆಯಿಲ್ಲ. ಆದರೆ ಕೊಳ್ಳುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಎರಡೇ: ಎಷ್ಟು ಇಂಚು? ಎಷ್ಟು ರೂಪಾಯಿ? ಭೌತವಿಜ್ಞಾನ ಕೇಳುವ ಪ್ರಶ್ನೆಗಳು ಬೇರೆ.

ಈ ಕಲ್ಪನೆ ಹೊಸದೇನಲ್ಲ. ಕೆನಡಾದ ಸ್ಮಾರ್ಟ್ ಟೆಕ್ನಾಲಜೀಸ್ ಸಂಸ್ಥೆ ತನ್ನ ಸ್ಮಾರ್ಟ್ ಬೋರ್ಡನ್ನು 1991ರಲ್ಲಿ ಹೊರತಂದಿತು. ಅಮೆರಿಕದ ಝೆರಾಕ್ಸ್ ಪಾರ್ಕ್ ಪ್ರಯೋಗಾಲಯದವರು ಸಭೆಗಳಿಗೆಂದೇ ರೂಪಿಸಿದ ಲೈವ್‌ಬೋರ್ಡನ್ನು 1992ರಲ್ಲಿ ವಿವರಿಸಿದರು. ಮೂರು ದಶಕಗಳಲ್ಲಿ ಫಲಕ ತೆಳುವಾಗಿದೆ, ಪ್ರಕಾಶ ಹೆಚ್ಚಿದೆ, ಬೆಲೆ ಇಳಿದಿದೆ. ಕಣ್ಣು, ಕಿವಿ, ಕೈಗಳ ಮಿತಿಗಳು ಮಾತ್ರ ಹಾಗೆಯೇ ಇವೆ.

ಬೆರಳನ್ನು ಗುರುತಿಸುವ ಬಗೆ

ಇಂದಿನ ಅನೇಕ ದೊಡ್ಡ ಫಲಕಗಳು ಬೆರಳನ್ನು ಅವಕೆಂಪು ಕಿರಣಗಳಿಂದ ಪತ್ತೆಹಚ್ಚುತ್ತವೆ. ಚೌಕಟ್ಟಿನ ಒಂದು ಬದಿಯಲ್ಲಿ ಡಯೋಡುಗಳ ಸಾಲು, ಎದುರು ಬದಿಯಲ್ಲಿ ಸಂಸೂಚಕಗಳ ಸಾಲು. ಗಾಜಿನ ಮೇಲ್ಮೈಗಿಂತ ತುಸು ಮುಂದೆ ಕಾಣದ ಬೆಳಕಿನ ಬಲೆಯೊಂದು ಹರಡಿರುತ್ತದೆ. ಬೆರಳು ಯಾವ ಅಡ್ಡಕಿರಣವನ್ನೂ ಯಾವ ಲಂಬಕಿರಣವನ್ನೂ ತಡೆಯಿತೆಂದು ತಿಳಿದರೆ ಸ್ಥಾನ ಸಿಕ್ಕಿತು. ಎರಡು ಬೆರಳುಗಳಿದ್ದರೆ ನಾಲ್ಕು ಛೇದನ ಬಿಂದುಗಳು ಹುಟ್ಟುತ್ತವೆ. ಅವುಗಳಲ್ಲಿ ಎರಡು ಸುಳ್ಳು. ಸುಳ್ಳನ್ನು ಬೇರ್ಪಡಿಸಲು ಓರೆಕಿರಣಗಳೂ ಬೇಕು, ಗಣನೆಯೂ ಬೇಕು.

ಬಲೆ ಗಾಜಿನ ಮುಂದೆ ಇರುವುದರಿಂದ ಅಂಗಿಯ ತೋಳು ತಗುಲಿದರೂ, ನೊಣ ಕುಳಿತರೂ ಅದು ಸ್ಪರ್ಶವೇ. ಪಶ್ಚಿಮದ ಕಿಟಕಿಯಿಂದ ಸಂಜೆಯ ಬಿಸಿಲು ನೇರವಾಗಿ ಬಿದ್ದರೆ ಅದರಲ್ಲಿರುವ ಅವಕೆಂಪು ಅಂಶ ಸಂಸೂಚಕಗಳನ್ನು ಗೊಂದಲಕ್ಕೀಡುಮಾಡಬಲ್ಲುದು.

ಗಾಜಿನ ದಪ್ಪ 4 ಮಿಲಿಮೀಟರ್, ಅದರ ಹಿಂದಿನ ಗಾಳಿಯ ಪದರ 3 ಮಿಲಿಮೀಟರ್ ಎಂದುಕೊಳ್ಳೋಣ. 45 ಡಿಗ್ರಿ ಓರೆಯಿಂದ ನೋಡುವವನಿಗೆ ವಕ್ರೀಭವನದ ಲೆಕ್ಕದಂತೆ ಗಾಜಿನಲ್ಲಿ 2, ಗಾಳಿಯಲ್ಲಿ 3, ಒಟ್ಟು ಸುಮಾರು 5 ಮಿಲಿಮೀಟರ್ ಸ್ಥಾನಪಲ್ಲಟ ಕಾಣುತ್ತದೆ. ಗಾಜನ್ನೂ ಪರದೆಯನ್ನೂ ಅಂಟಿಸಿ ಗಾಳಿಯ ಪದರವನ್ನು ನಿವಾರಿಸಿದ ಫಲಕಗಳಲ್ಲಿ ಈ ದೋಷ ಅರ್ಧಕ್ಕಿಂತ ಕಡಿಮೆ. ಕಾಲದ ವಿಳಂಬವೂ ಇದೆ. ಕೈ ಸೆಕೆಂಡಿಗೆ 30 ಸೆಂಟಿಮೀಟರ್ ಚಲಿಸುವಾಗ 50 ಮಿಲಿಸೆಕೆಂಡ್ ತಡವಾದರೆ ಗೆರೆ ಬೆರಳಿಗಿಂತ ಒಂದೂವರೆ ಸೆಂಟಿಮೀಟರ್ ಹಿಂದೆ ಬೀಳುತ್ತದೆ. ಕನ್ನಡದ ದುಂಡಕ್ಷರಗಳನ್ನು ಬರೆಯುವವರಿಗೆ ಇದರ ತೊಡಕು ಕೂಡಲೇ ಅರಿವಾಗುತ್ತದೆ.

ಕಣ್ಣಿನ ಲೆಕ್ಕ

86 ಇಂಚಿನ ಫಲಕದ ಅಗಲ ಸುಮಾರು 190, ಎತ್ತರ 107 ಸೆಂಟಿಮೀಟರ್. ‘4ಕೆ’ ಎಂದರೆ ಅಗಲದಲ್ಲಿ 3840 ಪಿಕ್ಸೆಲ್. ಪ್ರತಿ ಪಿಕ್ಸೆಲ್ ಅರ್ಧ ಮಿಲಿಮೀಟರ್. ಆರೋಗ್ಯವಂತ ಕಣ್ಣು ಕೋನದ ಒಂದು ನಿಮಿಷದಷ್ಟು ಅಂತರವನ್ನು ಬೇರ್ಪಡಿಸಬಲ್ಲುದು. ಆದ್ದರಿಂದ ಅಷ್ಟು ಸಣ್ಣ ಪಿಕ್ಸೆಲುಗಳು ಸುಮಾರು 1.7 ಮೀಟರ್ ದೂರದವರೆಗೆ ಮಾತ್ರ ಬೇರೆಯಾಗಿ ಕಾಣುತ್ತವೆ. ಅದರ ಅರ್ಧದಷ್ಟು ಸೂಕ್ಷ್ಮತೆಯ ಪರದೆಗೂ ಇದಕ್ಕೂ ಇರುವ ವ್ಯತ್ಯಾಸ 3.4 ಮೀಟರಿನಾಚೆ ಅಳಿಸಿಹೋಗುತ್ತದೆ. ಜಾಹೀರಾತಿನಲ್ಲಿ ಹೊಗಳಿಸಿಕೊಳ್ಳುವ ಸೂಕ್ಷ್ಮತೆ ಬರೆಯುವವನಿಗೂ ಮುಂದಿನ ಸಾಲಿಗೂ ಸಲ್ಲುತ್ತದೆ, ಹಿಂದಿನ ಸಾಲಿಗಲ್ಲ.

ಆಯಾಸವಿಲ್ಲದೆ ಓದಲು ಅಕ್ಷರ ಕಣ್ಣಿನಲ್ಲಿ ಸುಮಾರು 20 ನಿಮಿಷ ಕೋನವನ್ನು ಉಂಟುಮಾಡಬೇಕೆಂದು ಇಟ್ಟುಕೊಳ್ಳೋಣ. 6 ಮೀಟರ್ ದೂರಕ್ಕೆ ಅದು 35 ಮಿಲಿಮೀಟರ್ ಎತ್ತರದ ಅಕ್ಷರ. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ. ಹೀಗಾಗಿ ಸಾಲಿನ ಎತ್ತರ ಅಕ್ಷರದ ಮೂರರಷ್ಟಾದರೂ ಬೇಕು. ಫಲಕದಲ್ಲಿ ಹಿಡಿಸುವುದು ಹತ್ತು ಸಾಲು. ಹನ್ನೆರಡು ಅಡಿ ಅಗಲ, ನಾಲ್ಕು ಅಡಿ ಎತ್ತರದ ಹಳೆಯ ಕರಿಹಲಗೆಯ ವಿಸ್ತೀರ್ಣ ಇದರ ಎರಡು ಪಟ್ಟಿಗೂ ಹೆಚ್ಚು.

ಇಲ್ಲೊಂದು ವಿಚಿತ್ರವಿದೆ. ಅದೇ ಬರಹ ಅಂತರಜಾಲದ ಮೂಲಕ 14 ಇಂಚಿನ ಲ್ಯಾಪ್‌ಟಾಪಿಗೆ ತಲುಪಿದಾಗ 35 ಮಿಲಿಮೀಟರಿನ ಅಕ್ಷರ 5.7 ಮಿಲಿಮೀಟರಿಗೆ ಕುಗ್ಗುತ್ತದೆ. ಆದರೆ ಅದನ್ನು ನೋಡುವ ದೂರ ಅರ್ಧ ಮೀಟರ್. ಕೋನ 39 ನಿಮಿಷ. ಅಂದರೆ ಬೆಂಗಳೂರಿನಲ್ಲಿ ಕುಳಿತವನಿಗೆ, ಅದೇ ಕೊಠಡಿಯ ಹಿಂದಿನ ಸಾಲಿನಲ್ಲಿರುವವನಿಗಿಂತ ಅಕ್ಷರ ಎರಡು ಪಟ್ಟು ದೊಡ್ಡದಾಗಿ ಕಾಣುತ್ತದೆ!

ಕಿವಿಯನ್ನು ಮರೆತ ಸಭೆ

ದೂರಸಭೆ ಕೆಡುವುದು ಬಹುಮಟ್ಟಿಗೆ ಚಿತ್ರದಿಂದಲ್ಲ, ಧ್ವನಿಯಿಂದ. ಉಡುಪಿಯಿಂದ ಬೆಂಗಳೂರಿಗೆ 400 ಕಿಲೋಮೀಟರ್ ಎಳೆ ಇದ್ದರೆ ಬೆಳಕು ಅದನ್ನು ಎರಡು ಮಿಲಿಸೆಕೆಂಡಿನಲ್ಲಿ ದಾಟುತ್ತದೆ. ತಡವಾಗುವುದು ಸಂಕೇತಗಳನ್ನು ಅಡಕಗೊಳಿಸಿ ಬಿಡಿಸುವಲ್ಲಿ, ಸಾಲಿನಲ್ಲಿ ಕಾಯಿಸುವಲ್ಲಿ. ಸಂಭಾಷಣೆಯಲ್ಲಿ ಒಮ್ಮುಖ ವಿಳಂಬ 150 ಮಿಲಿಸೆಕೆಂಡಿನೊಳಗಿರುವುದು ಒಳ್ಳೆಯದೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ಹೇಳುತ್ತದೆ.

ಕೊಠಡಿಯ ದೋಷ ಇದಕ್ಕಿಂತ ದೊಡ್ಡದು. 8 ಮೀಟರ್ ಉದ್ದ, 6 ಮೀಟರ್ ಅಗಲ, 3 ಮೀಟರ್ ಎತ್ತರದ, ನಯವಾದ ಗೋಡೆ ಮತ್ತು ಟೈಲ್ಸ್ ನೆಲದ ಕೊಠಡಿಯ ಮೇಲ್ಮೈಗಳು ಶಬ್ದದ ಶೇಕಡಾ 5ರಷ್ಟನ್ನು ಮಾತ್ರ ಹೀರುತ್ತವೆ ಎಂದು ಭಾವಿಸಿದರೆ, ಸಬೈನ್ ಸೂತ್ರದ ಪ್ರಕಾರ ಅನುರಣನದ ಅವಧಿ 2.6 ಸೆಕೆಂಡ್. ಮಾತಿಗೆ ಸುಮಾರು ಅರ್ಧ ಸೆಕೆಂಡ್ ಸಾಕು. ಜನ ತುಂಬಿದಾಗ ಅವಧಿ ಇಳಿಯುತ್ತದೆ, ನಿಜ. ಆದರೆ ನಾಲ್ಕೈದು ಮಂದಿಯ ಸಭೆಯಲ್ಲಿ ಒಂದು ಮಾತು ಮುಂದಿನ ಮಾತನ್ನು ನುಂಗುತ್ತದೆ. ಅದರ ಮೇಲೆ ಆಷಾಢದ ಮಳೆ ತಗಡಿನ ಮಾಡಿಗೆ ಬಡಿಯುತ್ತಿದ್ದರೆ ಎಂಥ ಫಲಕವೂ ನಿರುಪಾಯ. ದಪ್ಪ ಪರದೆ, ನಾರಿನ ಹಲಗೆಯ ಛಾವಣಿ, ಮಾತನಾಡುವವರ ಸಮೀಪ ಮೈಕ್ರೊಫೋನು: ಇವುಗಳ ಖರ್ಚು ಫಲಕದ ಬೆಲೆಯ ಒಂದು ಪಾಲಷ್ಟೇ. ಆದರೂ ಬೇಡಿಕೆಪಟ್ಟಿಗಳಲ್ಲಿ ಇವುಗಳ ಹೆಸರೇ ಇರುವುದಿಲ್ಲ.

ಆಯುಷ್ಯ ಯಾರ ಕೈಯಲ್ಲಿ?

ಗೂಗಲ್ ಸಂಸ್ಥೆ 2016ರಲ್ಲಿ ಪ್ರಕಟಿಸಿ, ಮರುವರ್ಷ ಮಾರಾಟಕ್ಕೆ ತಂದ 55 ಇಂಚಿನ ಜಾಮ್‌ಬೋರ್ಡಿನ ಕಥೆ ಕೊಳ್ಳುವವರೆಲ್ಲರಿಗೂ ತಿಳಿದಿರಬೇಕು. 2024ರ ಸೆಪ್ಟೆಂಬರ್ 30ಕ್ಕೆ ಅದರ ತಂತ್ರಾಂಶ ಪರಿಷ್ಕರಣೆ ನಿಂತಿತು. ಡಿಸೆಂಬರ್ 31ಕ್ಕೆ ಅದರ ಆ್ಯಪ್ ಮುಚ್ಚಿತು. ಗಾಜು ಒಡೆದಿರಲಿಲ್ಲ, ಡಯೋಡು ಸುಟ್ಟಿರಲಿಲ್ಲ. ಆದರೂ ಉಳಿದದ್ದು ಬರಿಯ ಪರದೆ. ನಮ್ಮ ರಾಜ್ಯಕ್ಕೂ ಇಂಥ ಪಾಠ ಹೊಸದಲ್ಲ. 2004ರ ಸೆಪ್ಟೆಂಬರ್ 20ರಂದು ಹಾರಿದ ಎಜುಸ್ಯಾಟ್ ಉಪಗ್ರಹದಿಂದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಿಗೂ ಚಾಮರಾಜನಗರದ ಪ್ರಾಥಮಿಕ ಶಾಲೆಗಳಿಗೂ ಪಾಠಗಳು ಇಳಿದುಬಂದವು. 2010ರಲ್ಲಿ ಉಪಗ್ರಹದ ಸೇವೆ ಮುಗಿಯಿತು. ಸಾಧನಕ್ಕೆ ಕೊನೆಯಿದೆ; ಆ ಕೊನೆಗೆ ಸಿದ್ಧತೆ ಮೊದಲೇ ಇರಬೇಕು.

ಫಲಕ ನಿರುಪಯುಕ್ತವೆಂದು ಇದರರ್ಥವಲ್ಲ. ಸೀಮೆಸುಣ್ಣದ ಧೂಳಿಲ್ಲ, ಬರೆದ ಲೆಕ್ಕ ಅಳಿಯುವುದಿಲ್ಲ, ಬರಲಾಗದವರಿಗೂ ಸಭೆಯ ಟಿಪ್ಪಣಿ ಸಿಗುತ್ತದೆ, ಇಬ್ಬರು ಎರಡು ಊರುಗಳಿಂದ ಒಂದೇ ನಕ್ಷೆಯನ್ನು ತಿದ್ದಬಹುದು. ಎಂಟು ಹತ್ತು ಮಂದಿಯ ಕೊಠಡಿಗೆ ಇದು ಒಳ್ಳೆಯ ಸಾಧನ. ಐವತ್ತು ಮಂದಿಯ ಸಭಾಂಗಣಕ್ಕೂ ತರಗತಿಗೂ ಇದೊಂದೇ ಸಾಕೆನ್ನುವುದು ಮಾತ್ರ ತಪ್ಪು.

ನಮ್ಮ ಕರಾವಳಿಯಲ್ಲಿ ಶಾಲೆಗಳಿಗೆ ಇಂಥವು ಬರುವುದು ಎಷ್ಟೋ ಸಲ ಮುಂಬಯಿ, ಕೊಲ್ಲಿ ರಾಷ್ಟ್ರಗಳಲ್ಲಿರುವ ಹಳೆ ವಿದ್ಯಾರ್ಥಿಗಳ ದೇಣಿಗೆಯಿಂದ. ಆ ಹಣ ಮತ್ತೆ ಮತ್ತೆ ಬರುವಂಥದಲ್ಲ. ಕೊಳ್ಳುವ ಮೊದಲು ನಾಲ್ಕು ಪರೀಕ್ಷೆ ಮಾಡಿ. ಕೊನೆಯ ಸಾಲಿನಲ್ಲಿ ಕುಳಿತು ‘ರಾಷ್ಟ್ರ’, ‘ಸ್ವಾತಂತ್ರ್ಯ’ ಎಂದು ಬರೆಸಿ ಓದಿ. ಬಿಸಿಲು ಬೀಳುವ ಹೊತ್ತಿನಲ್ಲಿ ವೇಗವಾಗಿ ಬರೆದು ನೋಡಿ. ಅಂತರಜಾಲವನ್ನು ಕಡಿದು, ಏನೇನು ಕೆಲಸ ಮಾಡುತ್ತದೆಂದು ಪಟ್ಟಿಮಾಡಿ. ಐದು ವರ್ಷದ ಬಳಿಕ ತಂತ್ರಾಂಶ ಯಾರು ಕೊಡುತ್ತಾರೆಂಬುದನ್ನು ಬರಹದಲ್ಲಿ ಕೇಳಿ. ಹಳೆಯ ಕರಿಹಲಗೆಯನ್ನು ಕೀಳಬೇಡಿ. ಸಿಡಿಲು ಮಳೆಗೆ ವಿದ್ಯುತ್ತು ಹೋದ ಮಧ್ಯಾಹ್ನ ಪಾಠ ಮುಂದುವರಿಯುವುದು ಅದರ ಮೇಲೆಯೇ.