ಸಾಲಕ್ಕೆ ನೆರವೆಂಬ ಹೆಸರು

2024ರ ನವೆಂಬರಿನಲ್ಲಿ ಬಾಕು ನಗರದ ಹವಾಮಾನ ಸಮ್ಮೇಳನವು ಅಂಗೀಕರಿಸಿದ ನಿರ್ಣಯವನ್ನು ಸಾವಧಾನವಾಗಿ ಓದಿದರೆ, ಅಂಕಿಯ ಸ್ಪಷ್ಟತೆ ಕ್ರಿಯಾಪದಗಳಿಗೆ ಇಲ್ಲವೆಂಬುದು ಗೋಚರಿಸುತ್ತದೆ. 2035ರ ವೇಳೆಗೆ ಬಡ ರಾಷ್ಟ್ರಗಳಿಗೆ ವರ್ಷಕ್ಕೆ ಕನಿಷ್ಠ 30,000 ಕೋಟಿ ಡಾಲರ್, ಇದು ಗುರಿ. ಅದು ಸರ್ಕಾರಿ, ಖಾಸಗಿ ಮೊದಲಾದ ನಾನಾ ಮೂಲಗಳಿಂದ ಬರಬೇಕು. ಸಿರಿವಂತ ರಾಷ್ಟ್ರಗಳು ಅದರ ಮುಂದಾಳುತನ ವಹಿಸುತ್ತವೆ. ಭಾರತದ ಪ್ರತಿನಿಧಿ ಚಾಂದನಿ ರೈನಾ ಅವರು ಇದನ್ನು ದೃಷ್ಟಿಭ್ರಮೆಯೆಂದು ಕರೆದು ಆಕ್ಷೇಪಿಸಿದ್ದು ಸಕಾರಣವಾಗಿಯೇ ಇತ್ತು.

ಈ ಭಾಷೆ ಹೊಸತಲ್ಲ. 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ವರ್ಷಕ್ಕೆ 10,000 ಕೋಟಿ ಡಾಲರುಗಳನ್ನು 2020ರೊಳಗೆ 'ಕ್ರೋಡೀಕರಿಸುವ' ಗುರಿಯನ್ನು ಒಪ್ಪಲಾಯಿತು. 'ಕೊಡುತ್ತೇವೆ' ಎಂದಿದ್ದರೆ ಲೆಕ್ಕ ಕೇಳುವುದು ಸುಲಭವಾಗುತ್ತಿತ್ತು. ಸಿರಿವಂತ ರಾಷ್ಟ್ರಗಳ ಸಂಘಟನೆಯಾದ ಒಇಸಿಡಿಯ ಲೆಕ್ಕದಂತೆ ಆ ಗುರಿ ಈಡೇರಿದ್ದು ಎರಡು ವರ್ಷ ತಡವಾಗಿ, 2022ರಲ್ಲಿ. ಮೊತ್ತ 11,590 ಕೋಟಿ. ಅದರೊಳಗಿನ ಸರ್ಕಾರಿ ಹಣದಲ್ಲಿ ಸುಮಾರು ಮೂರನೆಯ ಎರಡು ಪಾಲು ಸಾಲವೇ ಆಗಿತ್ತು. ಮರಳಿ ಬರಲಿರುವ ಅಸಲೂ ನೆರವಿನ ಪಟ್ಟಿಯಲ್ಲಿ ಪೂರ್ತಿಯಾಗಿ ಸೇರಿಕೊಂಡಿದೆ. ನಮ್ಮ ಧರ್ಮಕೇಂದ್ರದಲ್ಲಿ ಯಾರಾದರೂ ನೆರೆಯಲ್ಲಿ ಮನೆ ಕಳೆದುಕೊಂಡ ಕುಟುಂಬಕ್ಕೆ ಕೈಸಾಲ ಕೊಟ್ಟು, ಅದನ್ನು ಕಾಣಿಕೆಯ ಪುಸ್ತಕದಲ್ಲಿ ದಾನವೆಂದು ಬರೆಸಿದರೆ ಹೇಗಿದ್ದೀತು!

ಸಾಲವೆಲ್ಲ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಸೌರ ವಿದ್ಯುತ್ ಸ್ಥಾವರವು ವಿದ್ಯುತ್ತನ್ನು ಮಾರಿ ತನ್ನ ಸಾಲವನ್ನು ತಾನೇ ತೀರಿಸಬಲ್ಲದು. ಕಡಲ್ಕೊರೆತದ ತಡೆಗೋಡೆಗೆ ಅಂಥ ಆದಾಯವೆಲ್ಲಿದೆ? ಚಂಡಮಾರುತದ ಮುನ್ಸೂಚನೆಯನ್ನು ಬೆಸ್ತನಿಗೆ ಮಾರಲಾದೀತೇ? ಅವು ಉಳಿಸುವುದು ಪ್ರಾಣಗಳನ್ನು, ಮತ್ತು ಉಳಿದ ಪ್ರಾಣ ಯಾವ ಬ್ಯಾಂಕಿಗೂ ಕಂತು ಕಟ್ಟುವುದಿಲ್ಲ. ಖಾಸಗಿ ಬಂಡವಾಳವು ಆ ಕಡೆ ಸುಳಿಯದಿರುವುದಕ್ಕೆ ಕಾರಣ ಇದೇ. 2022ರ ಮೊತ್ತದಲ್ಲಿ ಇಂಥ ರಕ್ಷಣೆ ಮತ್ತು ಹೊಂದಾಣಿಕೆಯ ಕಾರ್ಯಗಳಿಗೆ ದೊರೆತದ್ದು 3,240 ಕೋಟಿ ಮಾತ್ರ, ಅಂದರೆ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ.

ಮೊಜಾಂಬಿಕ್ ದೇಶದ ಅನುಭವವನ್ನು ನೋಡಿರಿ. 2019ರ ಮಾರ್ಚಿನಲ್ಲಿ 'ಇಡಾಯ್' ಚಂಡಮಾರುತವು ಅದರ ಬೈರಾ ನಗರವನ್ನೂ ಸುತ್ತಲ ಸೀಮೆಯನ್ನೂ ಧ್ವಂಸಗೊಳಿಸಿತು. ಆ ದೇಶವೊಂದರಲ್ಲೇ ಆರುನೂರಕ್ಕೂ ಹೆಚ್ಚು ಮಂದಿ ಸತ್ತರು. ಮೊದಲೇ ಸಾಲದಲ್ಲಿ ಮುಳುಗಿದ್ದ ಆ ರಾಷ್ಟ್ರಕ್ಕೆ ಮರುತಿಂಗಳು ಅಂತರರಾಷ್ಟ್ರೀಯ ಹಣಕಾಸು ನಿಧಿಯು 11.82 ಕೋಟಿ ಡಾಲರುಗಳನ್ನು ಮಂಜೂರು ಮಾಡಿತು, ಸಾಲವಾಗಿ. ಬಡ್ಡಿಯಿಲ್ಲದ ತುರ್ತು ಸಾಲ ಅದು, ನಿಜ. ಆದರೆ ಭೂಮಿಯ ತಾಪ ಹೆಚ್ಚಿಸುವುದರಲ್ಲಿ ಅತ್ಯಲ್ಪ ಪಾಲಿರುವ ಜನತೆ, ಬಿರುಗಾಳಿಯ ಹೊಡೆತವನ್ನೂ ತಿಂದು ಅದರ ವೆಚ್ಚವನ್ನೂ ಹಿಂದಿರುಗಿಸಬೇಕಾಯಿತು.

ಪೋಪ್ ಫ್ರಾನ್ಸಿಸರು 2015ರ 'ಲೌದಾತೊ ಸೀ' ವಿಶ್ವಪರಿಪತ್ರದಲ್ಲಿ ಉತ್ತರದ ದೇಶಗಳು ದಕ್ಷಿಣಕ್ಕೆ ತೀರಿಸಬೇಕಾದ ಪರಿಸರ ಋಣದ ಮಾತನ್ನೆತ್ತಿದ್ದರು. ಆ ದೃಷ್ಟಿಯಿಂದ ನೋಡಿದರೆ ಇಲ್ಲಿ ಸಾಲಗಾರನೇ ಧನಿಯ ಪೀಠದಲ್ಲಿ ಕುಳಿತಿದ್ದಾನೆ. 2022ರಲ್ಲಿ ಒಪ್ಪಿಕೊಂಡ 'ನಷ್ಟ ಮತ್ತು ಹಾನಿ' ನಿಧಿಯಾದರೂ ಇದನ್ನು ಸರಿಪಡಿಸೀತೆಂಬ ನಿರೀಕ್ಷೆಯಿತ್ತು. ಅದಕ್ಕೂ ಸ್ವಇಚ್ಛೆಯ ಕೊಡುಗೆಗಳೇ ಆಧಾರ.

2025ರಲ್ಲಿ ಬ್ರೆಜಿಲ್‌ನ ಬೆಲೆಂ ನಗರದಲ್ಲಿ ಸಮ್ಮೇಳನ ಮತ್ತೆ ಸೇರಿತು. ಹೊಂದಾಣಿಕೆಯ ಹಣವನ್ನು 2035ರೊಳಗೆ ಮೂರು ಪಟ್ಟಾಗಿಸಬೇಕೆಂಬ ಬೇಡಿಕೆಗೆ ಅಲ್ಲಿ ದೊರೆತ ಉತ್ತರದಲ್ಲೂ ಕ್ರಿಯಾಪದವನ್ನು ಗಮನಿಸಿರಿ: ಆ ದಿಸೆಯಲ್ಲಿ 'ಪ್ರಯತ್ನಗಳಿಗೆ ಕರೆ ನೀಡಲಾಗಿದೆ'.